ಮಹಾವೀರಾಚಾರ್ಯನ ಅಂಕಮಾಲೆ: 12345654321

ತಲೆಬರಹದಲ್ಲಿರುವ ಸಂಖ್ಯೆಯನ್ನು ವಾಚಕರು ಮೊದಲು ಎಡದಿಂದ ಬಲಕ್ಕೂ ಅನಂತರ ಬಲದಿಂದ ಎಡಕ್ಕೂ ಓದಿ ನೋಡಬೇಕು. ಎರಡು ಬಗೆಯಲ್ಲಿಯೂ ಅದು ಒಂದೇ. ಪದಗಳಲ್ಲಿ ‘ವಿಕಟಕವಿ’ ಹೇಗೋ ಅಂಕಿಗಳಲ್ಲಿ ಇದು ಹಾಗೆ. ಚಿತ್ರಕಾವ್ಯವನ್ನು ಬರೆದ ನಮ್ಮ ಹಿಂದಿನ ಕವಿಗಳು ಇಂಥ ರಚನೆಯನ್ನು ಗತಪ್ರತ್ಯಾಗತವೆಂದು ಕರೆಯುತ್ತಿದ್ದರು. ಒಂದರಿಂದ ಹೊರಟು ಮೆಟ್ಟಿಲು ಮೆಟ್ಟಿಲಾಗಿ ಆರರವರೆಗೆ ಏರಿ, ಅದೇ ಮೆಟ್ಟಿಲುಗಳಿಂದ ಮತ್ತೆ ಒಂದಕ್ಕೆ ಇಳಿಯುವ ಈ ಹನ್ನೊಂದು ಅಂಕಿಗಳನ್ನು ನಮ್ಮ ರೂಢಿಯಲ್ಲಿ ಓದುವುದಾದರೆ ಸಾವಿರದ ಇನ್ನೂರ ಮೂವತ್ತನಾಲ್ಕು ಕೋಟಿ ಐವತ್ತಾರು ಲಕ್ಷ ಐವತ್ತನಾಲ್ಕು ಸಾವಿರದ ಮುನ್ನೂರ ಇಪ್ಪತ್ತೊಂದು ಎಂದಾಗುತ್ತದೆ.

ಇದು ಎಷ್ಟು ದೊಡ್ಡದೆಂಬುದನ್ನು ಬಾಯಿಮಾತಿನಲ್ಲಿ ಗ್ರಹಿಸುವುದು ಕಷ್ಟ. ಸೆಕೆಂಡಿಗೆ ಒಂದರಂತೆ, ಹಗಲು ರಾತ್ರಿ ಎನ್ನದೆ, ಊಟ ನಿದ್ರೆಗಳನ್ನು ಬಿಟ್ಟು ಎಣಿಸುವವನೊಬ್ಬನಿದ್ದಾನೆಂದು ಭಾವಿಸೋಣ. ಈ ಸಂಖ್ಯೆಯನ್ನು ಮುಟ್ಟಲು ಅವನಿಗೆ 391 ವರ್ಷಗಳೂ ಮೇಲೆ ಎರಡೂವರೆ ತಿಂಗಳುಗಳೂ ಬೇಕು. 1565ರ ಜನವರಿಯಲ್ಲಿ ತಾಳಿಕೋಟೆಯ ಯುದ್ಧ ನಡೆದ ದಿನ ಎಣಿಕೆಯನ್ನು ಆರಂಭಿಸಿದ್ದರೆ ಅದು ಮುಗಿಯುತ್ತಿದ್ದುದು 1956ರಲ್ಲಿ, ಕನ್ನಡನಾಡು ಒಂದಾದ ವರ್ಷದಲ್ಲಿ.

ಈ ಸಂಖ್ಯೆಗೂ ನಮ್ಮ ನಾಡಿಗೂ ಇದಕ್ಕಿಂತ ನಿಕಟವಾದ ಸಂಬಂಧವೊಂದುಂಟು. ರಾಷ್ಟ್ರಕೂಟ ಚಕ್ರವರ್ತಿ ಅಮೋಘವರ್ಷ ನೃಪತುಂಗನು 814ರಿಂದ 878ರವರೆಗೆ ಮಾನ್ಯಖೇಟದಿಂದ ಆಳಿದನು. ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡವೇ ಆ ಮಾನ್ಯಖೇಟ. ‘ಕವಿರಾಜಮಾರ್ಗ’ವು ಹುಟ್ಟಿದ ಕಾಲವೂ ಅದೇ. ಆ ಕಾಲದಲ್ಲಿ, ಸುಮಾರು 850ರಲ್ಲಿ, ಜೈನ ಗಣಿತಜ್ಞನಾದ ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವೆಂಬ ಸಂಸ್ಕೃತ ಗ್ರಂಥವನ್ನು ಶ್ಲೋಕರೂಪದಲ್ಲಿ ರಚಿಸಿದನು. ಗ್ರಂಥದ ಆರಂಭದಲ್ಲಿ ಅಮೋಘವರ್ಷನ ಪ್ರಶಸ್ತಿಯಿದೆ. 1912ರಲ್ಲಿ ಮದರಾಸಿನಿಂದ ಎಂ. ರಂಗಾಚಾರ್ಯರು ಇದನ್ನು ಇಂಗ್ಲಿಷ್ ಅನುವಾದದೊಡನೆ ಪ್ರಕಟಿಸಿದ ಮೇಲೆ ಹೊರಜಗತ್ತಿನ ವಿದ್ವಾಂಸರು ಇದರತ್ತ ಕಣ್ಣು ತೆರೆದರು.

ಇತರ ಗಣಿತಗ್ರಂಥಗಳಂತೆ ಇದು ಸಂಕಲನ ವ್ಯವಕಲನಗಳಿಂದ ತೊಡಗುವುದಿಲ್ಲ. ಅಷ್ಟನ್ನು ಓದುಗನು ಬಲ್ಲನೆಂದೇ ಇಟ್ಟುಕೊಂಡು ಮೊದಲಿಗೇ ‘ಪ್ರತ್ಯುತ್ಪನ್ನ’ವನ್ನು, ಎಂದರೆ ಗುಣಾಕಾರವನ್ನು, ಕೈಗೆತ್ತಿಕೊಳ್ಳುತ್ತದೆ. ಅಲ್ಲಿರುವ ಅಭ್ಯಾಸಲೆಕ್ಕಗಳು ಬಹು ಸ್ವಾರಸ್ಯವಾದವು. 139ನ್ನು 109ರಿಂದ ಗುಣಿಸಿದರೆ 15151. 152207ನ್ನು 73ರಿಂದ ಗುಣಿಸಿದರೆ ಎಂಟು ಒಂದುಗಳು. 142857143ನ್ನು 7ರಿಂದ ಗುಣಿಸಿದರೆ 1000000001. ಹೀಗೆ ಬರುವ ಲಬ್ಧಗಳಲ್ಲಿ ಕೆಲವನ್ನು ಆಚಾರ್ಯನು ಕಂಠಾಭರಣಗಳೆಂದು ಕರೆದಿದ್ದಾನೆ. ಅಂಕಿಗಳು ಹಾರದ ಮಣಿಗಳಂತೆ ಎರಡೂ ಕಡೆ ಸಮವಾಗಿ ಜೋತುಬಿದ್ದಿವೆಯಷ್ಟೆ. 27994681ನ್ನು 441ರಿಂದ ಗುಣಿಸುವ ಲೆಕ್ಕವು ಇವುಗಳಲ್ಲೊಂದು. ಅದರ ಉತ್ತರವೇ ನಮ್ಮ ಅಂಕಮಾಲೆ. ವಾಚಕರು ಮುಂದೆ ಓದುವುದಕ್ಕೆ ಮೊದಲು ಈ ಗುಣಾಕಾರವನ್ನು ಕಾಗದದ ಮೇಲೆ ಕೈಯಾರೆ ಮಾಡಿ ನೋಡಬೇಕೆಂದು ನನ್ನ ಕೋರಿಕೆ. ಯಂತ್ರವು ಉತ್ತರವನ್ನು ಕೊಟ್ಟೀತು. ಕೊನೆಯ ಕೂಡಿಕೆಯಲ್ಲಿ ಮಣಿಗಳು ಒಂದೊಂದಾಗಿ ಕಾಣಿಸಿಕೊಳ್ಳುವ ಸಂತೋಷವನ್ನು ಕೊಡಲಾರದು.

ತರಗತಿಯಲ್ಲಿ ನಾನು ಮಾಡಿದ ತಪ್ಪು

ನಾನು ಭೌತಶಾಸ್ತ್ರದ ಅಧ್ಯಾಪಕ. ಪ್ರತಿವರ್ಷವೂ ಮೊದಲ ಪಾಠ ಮಾನಗಳನ್ನು ಕುರಿತದ್ದು. ಬೆಳಕಿನ ವೇಗ ಸೆಕೆಂಡಿಗೆ 29,97,92,458 ಮೀಟರುಗಳೆಂದು ಹೇಳಿ, ಈ ಒಂಬತ್ತು ಅಂಕಿಗಳಲ್ಲಿ ಪ್ರಕೃತಿಯ ರಹಸ್ಯವನ್ನು ಹುಡುಕಬಾರದೆಂದು ಎಚ್ಚರಿಸುವುದು ನನ್ನ ವಾಡಿಕೆ. ಬೆಳಕು ಪ್ರಕೃತಿಯದು, ಮೀಟರು ನಮ್ಮದು. ಮೀಟರಿನ ಬದಲು ಗಜವನ್ನು ಇಟ್ಟುಕೊಂಡರೆ ಅಂಕಿಗಳು ಬೇರೆಯಾಗುತ್ತವೆ, ಬೆಳಕು ಮಾತ್ರ ಮೊದಲಿನ ವೇಗದಲ್ಲಿಯೇ ಓಡುತ್ತದೆ.

ಕಳೆದ ವರ್ಷ ಈ ಮಾತಿಗೆ ದೃಷ್ಟಾಂತವಾಗಿ ಮಹಾವೀರಾಚಾರ್ಯನ ಅಂಕಮಾಲೆಯನ್ನು ಕಪ್ಪುಹಲಗೆಯ ಮೇಲೆ ಬರೆದೆ. “ಸಂಖ್ಯೆ ಬೇರೆ, ಅದರ ಬರಹ ಬೇರೆ. ಈ ಸೊಬಗೆಲ್ಲ ನಮ್ಮ ಹತ್ತು ಬೆರಳುಗಳ ಮಹಿಮೆ. ನಮಗೆ ಎಂಟೇ ಬೆರಳುಗಳಿದ್ದು ಎಂಟರ ಆಧಾರದಲ್ಲಿ ಎಣಿಸುತ್ತಿದ್ದರೆ ಈ ಹಾರ ಹರಿದು ಚೆಲ್ಲಾಪಿಲ್ಲಿಯಾಗುತ್ತಿತ್ತು” ಎಂದು ಬಹು ಧೈರ್ಯದಿಂದ ಹೇಳಿದೆ. ಮರುದಿನ ಹಿಂದಿನ ಸಾಲಿನ ವಿದ್ಯಾರ್ಥಿಯೊಬ್ಬನು ತನ್ನ ಪುಸ್ತಕವನ್ನು ತಂದು ಮೇಜಿನ ಮೇಲಿಟ್ಟನು. ಅವನು ಎಂಟರ ಆಧಾರದಲ್ಲಿ ಲೆಕ್ಕ ಮಾಡಿ ನೋಡಿದ್ದನು. ಹಾರ ಹರಿದಿರಲಿಲ್ಲ. ಎಲ್ಲಿ ನಾನು ಎಡವಿದೆನೆಂಬುದನ್ನು ತಿಳಿಯಬೇಕಾದರೆ ಈ ಸಂಖ್ಯೆಯ ಒಳಗನ್ನು ನೋಡಬೇಕು.

ಮಾಲೆಯ ನೂಲು

12345654321 ಒಂದು ಪೂರ್ಣವರ್ಗ. ಅದರ ವರ್ಗಮೂಲ 111111. ಆರು ಒಂದುಗಳ ಸಂಖ್ಯೆಯನ್ನು ಅದರಿಂದಲೇ ಗುಣಿಸುವಾಗ ನಾವು ಬರೆಯುವ ಸಾಲುಗಳು ಇವು:

111111
1111110
11111100
111111000
1111110000
11111100000

ಇವನ್ನು ಬಿಡಿಸ್ಥಾನಗಳು ಒಂದರ ಕೆಳಗೊಂದು ಬರುವಂತೆ ಬರೆದು ಕೂಡಿದರೆ ಬಿಡಿಯ ಕಂಬದಲ್ಲಿ ಒಂದೇ ಒಂದು 1 ಇರುತ್ತದೆ, ಹತ್ತರ ಕಂಬದಲ್ಲಿ ಎರಡು, ನೂರರ ಕಂಬದಲ್ಲಿ ಮೂರು. ಲಕ್ಷದ ಕಂಬದಲ್ಲಿ ಆರೂ ಸಾಲುಗಳ ಒಂದುಗಳು ಸೇರುತ್ತವೆ. ಅಲ್ಲಿಂದಾಚೆಗೆ ಮೇಲಿನ ಸಾಲುಗಳು ಒಂದೊಂದಾಗಿ ಮುಗಿಯುವುದರಿಂದ ಮೊತ್ತ ಇಳಿಯುತ್ತದೆ. ಯಾವ ಕಂಬದ ಮೊತ್ತವೂ ಹತ್ತನ್ನು ಮುಟ್ಟದೆ ಇರುವುದರಿಂದ ಕೈಯಲ್ಲಿ ಏನೂ ಉಳಿಯುವುದಿಲ್ಲ. ಪ್ರತಿ ಕಂಬವೂ ತನ್ನ ಮೊತ್ತವನ್ನು ಇದ್ದ ಹಾಗೆಯೇ ಉತ್ತರಕ್ಕೆ ಇಳಿಸುತ್ತದೆ. ಒಂಬತ್ತು ಒಂದುಗಳವರೆಗೆ ಇದು ನಡೆಯುತ್ತದೆ: 111111111ರ ವರ್ಗ 12345678987654321. ಹತ್ತು ಒಂದುಗಳಾದರೆ ನಡುಗಂಬದ ಮೊತ್ತ ಹತ್ತಾಗಿ, ಕೈಯಲ್ಲಿ ಒಂದು ಉಳಿದು, ಅದು ಮುಂದಿನ ಕಂಬದ ಒಂಬತ್ತನ್ನು ಹತ್ತು ಮಾಡಿ, ಉತ್ತರ 1234567900987654321 ಎಂದು ಕೆಡುತ್ತದೆ. ಹಾರವನ್ನು ಕೆಡಿಸುವುದು ಈ ಕೈಯಲ್ಲಿ ಉಳಿಯುವ ಒಂದೇ ಹೊರತು ಬೇರೇನೂ ಅಲ್ಲ.

ಇನ್ನು ವರ್ಗಮೂಲವನ್ನು ಒಡೆದು ನೋಡೋಣ. 111111 ಎಂಬುದು 111ನ್ನು ಎರಡು ಬಾರಿ ಒತ್ತಾಗಿ ಬರೆದಂತೆ. ಎಂದರೆ 111 × 1001. ಇದರಲ್ಲಿ 111 = 3 × 37 ಮತ್ತು 1001 = 7 × 11 × 13. ಆದ್ದರಿಂದ ವರ್ಗಮೂಲದ ಅವಿಭಾಜ್ಯ ಅಪವರ್ತನಗಳು 3, 7, 11, 13, 37 ಎಂಬ ಐದು; ನಮ್ಮ ಸಂಖ್ಯೆಯಲ್ಲಿ ಇವು ಒಂದೊಂದೂ ಎರಡೆರಡು ಬಾರಿ ಇರುತ್ತವೆ. ಆಚಾರ್ಯನ ಲೆಕ್ಕ ಈಗ ತೆರೆದುಕೊಳ್ಳುತ್ತದೆ. 441 ಎಂಬುದು 21ರ ವರ್ಗ, ಎಂದರೆ 3 ಮತ್ತು 7ರ ಪಾಲು. ಉಳಿದ 11 × 13 × 37 = 5291; ಅದರ ವರ್ಗವೇ 27994681. ಮೊದಲು ಇಡಿಯ ಹಾರವನ್ನು ಕಟ್ಟಿ, ಅನಂತರ ಅದನ್ನು ಎರಡು ತುಂಡು ಮಾಡಿ, ಮತ್ತೆ ಪೋಣಿಸುವ ಕೆಲಸವನ್ನು ಶಿಷ್ಯನಿಗೆ ಬಿಟ್ಟನೆಂದು ನಾನು ಊಹಿಸುತ್ತೇನೆ. ಕುರುಡಾಗಿ ಗುಣಿಸುತ್ತ ಹೋಗಿ ಇಂಥ ಲೆಕ್ಕದ ಮೇಲೆ ಎಡವಿ ಬೀಳುವುದು ಸಾಧ್ಯವೆಂದು ನನಗೆ ತೋರುವುದಿಲ್ಲ.

ಈ ಸಂಖ್ಯೆಯನ್ನು ಎಷ್ಟು ಬಗೆಯಲ್ಲಿ ತುಂಡು ಮಾಡಬಹುದು? ಭಾಜಕವೊಂದನ್ನು ಕಟ್ಟುವಾಗ ಐದು ಅವಿಭಾಜ್ಯಗಳಲ್ಲಿ ಪ್ರತಿಯೊಂದನ್ನೂ ತೆಗೆದುಕೊಳ್ಳದೆ ಇರಬಹುದು, ಒಂದು ಬಾರಿ ತೆಗೆದುಕೊಳ್ಳಬಹುದು, ಎರಡು ಬಾರಿ ತೆಗೆದುಕೊಳ್ಳಬಹುದು. ಆದ್ದರಿಂದ ಭಾಜಕಗಳು 3 × 3 × 3 × 3 × 3 = 243. ಇವನ್ನು ಜೋಡಿಮಾಡಿದರೆ 122 ಗುಣಾಕಾರಗಳಾಗುತ್ತವೆ; 111111 ಮಾತ್ರ ತನಗೆ ತಾನೇ ಜೋಡಿ.

ಇತರ ಮಾಲೆಗಳ ಗತಿಯೇನು ಎಂದು ನೋಡಿದಾಗ ನನಗೆ ಆಶ್ಚರ್ಯವಾಯಿತು. ಎರಡು ಒಂದುಗಳ ವರ್ಗವಾದ 121ಕ್ಕೆ ಭಾಜಕಗಳು ಮೂರೇ. 1111 ಎಂಬುದು 11 × 101 ಆಗಿಯೂ, 11111 ಎಂಬುದು 41 × 271 ಆಗಿಯೂ, 1111111 ಎಂಬುದು 239 × 4649 ಆಗಿಯೂ ಒಡೆಯುತ್ತವೆ. 111ಕ್ಕೂ ಎರಡೇ ಅಪವರ್ತನಗಳು. ಆದ್ದರಿಂದ ಈ ನಾಲ್ಕರ ವರ್ಗಗಳಿಗೆ ತಲಾ ಒಂಬತ್ತು ಭಾಜಕಗಳು ಮಾತ್ರ. ಎಂಟು ಒಂದುಗಳು 11 × 73 × 101 × 137. ಅದರ ವರ್ಗಕ್ಕೆ 81. ಒಂಬತ್ತು ಒಂದುಗಳ ವರ್ಗಕ್ಕೆ 45. ಆರಕ್ಕೆ ಮಾತ್ರ 243! ಎರಡರಿಂದ ಒಂಬತ್ತರವರೆಗಿನ ಮಾಲೆಗಳಲ್ಲಿ ಅಭ್ಯಾಸಲೆಕ್ಕ ಕಟ್ಟುವ ಉಪಾಧ್ಯಾಯನಿಗೆ ಇಷ್ಟು ಒದಗುವ ಸಂಖ್ಯೆ ಮತ್ತೊಂದಿಲ್ಲ. ಏಳು ಒಂದುಗಳ ಮಾಲೆಯನ್ನು ಹಿಡಿದಿದ್ದರೆ 239, 4649 ಇವುಗಳನ್ನು ಕಂಡುಹಿಡಿಯುವುದರಲ್ಲಿಯೇ ಒಂದು ವಾರ ಕಳೆಯಬೇಕಾಗುತ್ತಿತ್ತು.

ಆ ಐದು ಅವಿಭಾಜ್ಯಗಳಿಗೆ ಇನ್ನೊಂದು ನಂಟೂ ಇದೆ. 1ನ್ನು 7ರಿಂದ ಭಾಗಿಸಿದರೆ 0.142857 142857… ಎಂದು ಆರಾರು ಅಂಕಿಗಳು ಮರುಕಳಿಸುತ್ತವೆ. 13ರಿಂದ ಭಾಗಿಸಿದರೆ 076923 ಎಂಬ ಆರು, 37ರಿಂದ 027 ಎಂಬ ಮೂರು, 11ರಿಂದ 09 ಎಂಬ ಎರಡು, 3ರಿಂದ 3 ಎಂಬ ಒಂದೇ ಅಂಕಿ. ಆವರ್ತದ ಉದ್ದ 6, 6, 3, 2, 1. ಎಲ್ಲವೂ ಆರನ್ನು ಸಮನಾಗಿ ಭಾಗಿಸುವಂಥವು. ಕಾರಣ ಸರಳವಾದುದು. ಆರು ಸ್ಥಾನಗಳಾದ ಮೇಲೆ ದಶಮಾಂಶವು ಮೊದಲಿನಿಂದ ಆರಂಭವಾಗಬೇಕಾದರೆ ಆ ಭಾಜಕವು 999999ನ್ನು ನಿಶ್ಶೇಷವಾಗಿ ಭಾಗಿಸಬೇಕು. 999999 ಎಂಬುದಾದರೋ 9 × 111111. ಹೀಗಾಗಿ ಈ ಗುಣವುಳ್ಳ ಅವಿಭಾಜ್ಯಗಳು ಈ ಐದೇ. ಆರನೆಯದನ್ನು ಎಷ್ಟು ಹುಡುಕಿದರೂ ಸಿಕ್ಕದು. 17ಕ್ಕೆ ಹದಿನಾರು ಅಂಕಿಗಳ ಆವರ್ತ, 19ಕ್ಕೆ ಹದಿನೆಂಟು, 41ಕ್ಕೆ ಐದು. ಮಹಾವೀರಾಚಾರ್ಯನ 142857143 × 7 ಎಂಬ ಲೆಕ್ಕದಲ್ಲಿಯೂ 142857 ಎಂಬ ಗುಂಪು ಇಣುಕುತ್ತಿರುವುದನ್ನು ವಾಚಕರು ಆಗಲೇ ಗಮನಿಸಿರಬಹುದು.

ಎಂಟು ಬೆರಳುಗಳ ಲೆಕ್ಕ

ಈಗ ಆ ವಿದ್ಯಾರ್ಥಿಯ ಪುಸ್ತಕಕ್ಕೆ ಬರೋಣ. ಎಂಟರ ಆಧಾರದಲ್ಲಿ ಅಂಕಿಗಳು 0ಯಿಂದ 7ರವರೆಗೆ ಮಾತ್ರ. ಸ್ಥಾನಗಳ ಬೆಲೆ ಒಂದು, ಹತ್ತು, ನೂರು ಎಂದಲ್ಲದೆ 1, 8, 64, 512, 4096, 32768 ಎಂದು ಏರುತ್ತದೆ. ಆದ್ದರಿಂದ ಅಲ್ಲಿ 111111 ಎಂದು ಬರೆದರೆ ಅದರ ಬೆಲೆ, ನಮ್ಮ ಬರಹದಲ್ಲಿ, ಈ ಆರರ ಮೊತ್ತವಾದ 37449. ಅದನ್ನು ಅದರಿಂದಲೇ ಗುಣಿಸಲು ಮೇಲೆ ಕಂಡ ಆರು ಸಾಲುಗಳನ್ನೇ ಬರೆಯಬೇಕು, ಅವೇ ಕಂಬಗಳನ್ನು ಕೂಡಬೇಕು. ಅತಿ ದೊಡ್ಡ ಮೊತ್ತ ಆರು; ಅದು ಎಂಟನ್ನು ಮುಟ್ಟುವುದಿಲ್ಲ; ಕೈಯಲ್ಲಿ ಏನೂ ಉಳಿಯುವುದಿಲ್ಲ. ಉತ್ತರ ಮತ್ತೆ 12345654321! ಅದು ಸೂಚಿಸುವ ಸಂಖ್ಯೆ ಮಾತ್ರ ಬೇರೆ: 37449ರ ವರ್ಗವಾದ 140,24,27,601.

ನಾನು ಹಿಂದಿನ ದಿನ ಆಡಿದ ಮಾತು ಹೀಗೆ ಬಿದ್ದುಹೋಯಿತು. ಹತ್ತು ಬೆರಳುಗಳಿಗೂ ಹಾರಕ್ಕೂ ಸಂಬಂಧವೇ ಇರಲಿಲ್ಲ. ಆಧಾರ ಯಾವುದೇ ಇರಲಿ, ಅದನ್ನು ಕ ಎಂದು ಕರೆದರೆ ವರ್ಗಮೂಲವು 1 + ಕ + ಕ² + ಕ³ + ಕ⁴ + ಕ⁵ ಎಂಬ ಬೀಜೋಕ್ತಿ. ಇದನ್ನು ವರ್ಗಮಾಡಿದರೆ ಕ ಘಾತಗಳ ಗುಣಕಗಳು ಕ್ರಮವಾಗಿ 1, 2, 3, 4, 5, 6, 5, 4, 3, 2, 1 ಎಂದು ಬರುತ್ತವೆ. ಆಧಾರವು ಏಳು ಅಥವಾ ಅದಕ್ಕಿಂತ ದೊಡ್ಡದಾದರೆ ಸಾಕು, ಈ ಗುಣಕಗಳೇ ಅಂಕಿಗಳಾಗುತ್ತವೆ. ಆರರ ಆಧಾರದಲ್ಲಿ ಮಾತ್ರ ನಡುವಿನ ಆರು ನಿಲ್ಲಲಾರದೆ ಕೈಗೆ ಒಂದನ್ನು ಕೊಟ್ಟು, ಉತ್ತರ 12350054321 ಎಂದು ಕೆಡುತ್ತದೆ. ಹತ್ತರ ಆಧಾರದಲ್ಲಿ ಹತ್ತು ಒಂದುಗಳಿಗೆ ಆದ ಗತಿಯೇ ಇಲ್ಲಿ ಆರು ಒಂದುಗಳಿಗೆ ಆಗುತ್ತದೆ. ಏಳರಿಂದ ಮೇಲಕ್ಕೆ, ಹನ್ನೆರಡಾಗಲಿ ಅರವತ್ತಾಗಲಿ, ಯಾವ ಆಧಾರದಲ್ಲಿಯೂ 12345654321 ಎಂಬ ಬರಹ ಪೂರ್ಣವರ್ಗವೇ.

ಇದೇ ಬೀಜೋಕ್ತಿಗೆ ಕ = 1 ಎಂದು ಕೊಟ್ಟರೆ ಅಂಕಿಗಳ ಮೊತ್ತ ಸಿಗುತ್ತದೆ: 6ರ ವರ್ಗವಾದ 36. ಕ ಬೆಲೆ 100 ಎಂದು ಕೊಟ್ಟರೆ 102030405060504030201 ಎಂಬ ಇಪ್ಪತ್ತೊಂದು ಅಂಕಿಗಳ ಮಾಲೆ ಬರುತ್ತದೆ. ಅದು 10101010101ರ ವರ್ಗ. ಮಣಿಗಳ ನಡುವೆ ಒಂದೊಂದು ಸೊನ್ನೆಯನ್ನು ಕಟ್ಟಿದಂತೆ!

ಹಾಗಾದರೆ ಅಪವರ್ತನಗಳು? ಮೇಲಿನ ಬೀಜೋಕ್ತಿಯು (1 + ಕ), (1 + ಕ + ಕ²), (1 − ಕ + ಕ²) ಎಂಬ ಮೂರು ಅಪವರ್ತನಗಳಾಗಿ ಒಡೆಯುತ್ತದೆ. ಕ = 10 ಆದಾಗ ಇವು 11, 111 ಮತ್ತು 91; ಇವುಗಳಲ್ಲಿ 111 ಎಂಬುದು 3 × 37 ಆಗಿಯೂ 91 ಎಂಬುದು 7 × 13 ಆಗಿಯೂ ಒಡೆದು ನಮ್ಮ ಐದು ಮಣಿಗಳು ಹೊರಬರುತ್ತವೆ. ಕ = 8 ಆದಾಗ ಅವು 9, 73 ಮತ್ತು 57; ಎಂದರೆ 3, 19, 73 ಎಂಬ ಅವಿಭಾಜ್ಯಗಳು. 7 ಇಲ್ಲ, 11 ಇಲ್ಲ, 13 ಇಲ್ಲ, 37 ಇಲ್ಲ. ಹಾರದ ಆಕಾರ ಅದೇ, ಮಣಿಗಳು ಬೇರೆ. ಬೆಳಕಿನ ವೇಗದ ದೃಷ್ಟಾಂತವನ್ನು ನಾನು ತಲೆಕೆಳಗು ಮಾಡಿದ್ದೆನೆಂದು ಆಗ ಅರಿವಾಯಿತು. ಬರಹವು ಬದಲಾಗುತ್ತದೆ, ಸಂಖ್ಯೆ ನಿಲ್ಲುತ್ತದೆ ಎಂದು ನಾನು ಹೇಳಿದ್ದೆ. ಇಲ್ಲಿ ಬರಹ ನಿಂತಿತ್ತು, ಸಂಖ್ಯೆಯೇ ಬದಲಾಗಿತ್ತು.

ತುಂಡುಮಾಡುವ ಬಗೆಯಲ್ಲಿ ಕೆಲವು ಎಲ್ಲ ಆಧಾರಗಳಲ್ಲಿಯೂ ನಡೆಯುತ್ತವೆ. 121 × 102030201 ಒಂದು, 12321 × 1002001 ಇನ್ನೊಂದು. ಏಳು ಮತ್ತು ಅದಕ್ಕೆ ಮೇಲ್ಪಟ್ಟ ಯಾವ ಆಧಾರದಲ್ಲಿ ಗುಣಿಸಿದರೂ ಇವೆರಡಕ್ಕೂ ಉತ್ತರ 12345654321. ಆದರೆ ಇವು ಉಪಾಧ್ಯಾಯನಿಗೆ ಒಗ್ಗುವ ಲೆಕ್ಕಗಳಲ್ಲ. ತುಂಡುಗಳನ್ನು ನೋಡಿದೊಡನೆಯೇ ಹಾರದ ಗುರುತು ಹತ್ತಿಬಿಡುತ್ತದೆ. ಎಲ್ಲಿಯೂ ಕೈಯಲ್ಲಿ ಏನೂ ಉಳಿಯದೆ ಇರುವುದರಿಂದ ಶಿಷ್ಯನಿಗೆ ಶ್ರಮವೂ ಇಲ್ಲ, ಬೆರಗೂ ಇಲ್ಲ. 27994681ರಲ್ಲಿ ಏನಿದೆಯೆಂದು ಯಾರು ತಾನೇ ಊಹಿಸಬಲ್ಲರು?

ವಿದ್ಯಾರ್ಥಿಯು ಆಗ ಕೇಳಿದ ಪ್ರಶ್ನೆಯೇ ಈ ಲೇಖನಕ್ಕೆ ಕಾರಣ. “ಸರ್, ಎಂಟರ ಆಧಾರದಲ್ಲಿ 441ರಿಂದ ಭಾಗಿಸಿದೆ. ಶೇಷ ಉಳಿಯಿತು. ಮಹಾವೀರಾಚಾರ್ಯರ ಲೆಕ್ಕ ಯಾವ ಯಾವ ಆಧಾರಗಳಲ್ಲಿ ನಡೆಯುತ್ತದೆ?” ಎಂದನು. ತಕ್ಷಣ ಉತ್ತರ ಹೊಳೆಯಲಿಲ್ಲ. ಹಿಂದಿನ ದಿನದ ಧೈರ್ಯವೂ ಉಳಿದಿರಲಿಲ್ಲವಾದ್ದರಿಂದ ನಾಳೆ ಹೇಳುವೆನೆಂದು ಕಳುಹಿಸಿದೆ. ಆ ರಾತ್ರಿ ಕಂಡುಕೊಂಡದ್ದು ಇಷ್ಟು.

ಕ ಎಂಬ ಆಧಾರದಲ್ಲಿ 441 ಎಂದರೆ 4ಕ² + 4ಕ + 1, ಎಂದರೆ (2ಕ + 1)ರ ವರ್ಗ. ವರ್ಗವೊಂದು ಇನ್ನೊಂದು ವರ್ಗವನ್ನು ಭಾಗಿಸಬೇಕಾದರೆ ಮೂಲವು ಮೂಲವನ್ನು ಭಾಗಿಸಬೇಕು. ಆದ್ದರಿಂದ ಪ್ರಶ್ನೆ ಇಷ್ಟೇ ಉಳಿಯುತ್ತದೆ: 2ಕ + 1 ಎಂಬುದು 1 + ಕ + ಕ² + ಕ³ + ಕ⁴ + ಕ⁵ ಎಂಬುದನ್ನು ಯಾವಾಗ ನಿಶ್ಶೇಷವಾಗಿ ಭಾಗಿಸುತ್ತದೆ? 2ಕ ಎಂಬುದನ್ನು ಗ ಎಂದು ಕರೆದು, ಬೀಜೋಕ್ತಿಯನ್ನು 32ರಿಂದ ಗುಣಿಸೋಣ. ಅದು 32 + 16ಗ + 8ಗ² + 4ಗ³ + 2ಗ⁴ + ಗ⁵ ಎಂಬ ಅಂದವಾದ ರೂಪವನ್ನು ತಾಳುತ್ತದೆ. ಇದನ್ನು ಗ + 1ರಿಂದ ಭಾಗಿಸಿದರೆ ಉಳಿಯುವ ಶೇಷವನ್ನು ಕಾಣಲು ಪ್ರೌಢಶಾಲೆಯಲ್ಲಿ ಕಲಿತ ಶೇಷಪ್ರಮೇಯವೇ ಸಾಕು. ಗ ಇರುವೆಡೆ −1ನ್ನು ಇಡಬೇಕು. 32 − 16 + 8 − 4 + 2 − 1 = 21.

ಶೇಷವು ಕ ಬೆಲೆಯನ್ನು ಅವಲಂಬಿಸದ ಒಂದು ಸ್ಥಿರಸಂಖ್ಯೆ. ಭಾಗಾಕಾರ ನಿಶ್ಶೇಷವಾಗಬೇಕಾದರೆ 2ಕ + 1 ಎಂಬುದು ಈ 21ನ್ನು ಭಾಗಿಸಲೇಬೇಕು. 21ರ ಭಾಜಕಗಳು 1, 3, 7, 21 ಎಂಬ ನಾಲ್ಕೇ. ಆಗ ಕ ಬೆಲೆ ಕ್ರಮವಾಗಿ 0, 1, 3, 10. ಮೊದಲ ಮೂರು ಸಲ್ಲವು. ಆರು ಎಂಬ ಅಂಕಿಯಿರುವ ಬರಹಕ್ಕೆ ಆಧಾರವು ಏಳಕ್ಕಿಂತ ಕಡಿಮೆಯಿರುವಂತಿಲ್ಲ. ಉಳಿದದ್ದು 10. ಅಲ್ಲಿ ಭಾಗಾಕಾರ ನಡೆಯುತ್ತದೆಂಬುದಕ್ಕೆ ಬೇರೆ ಸಾಧನೆ ಬೇಡ. ಸಾವಿರದ ನೂರು ವರ್ಷಗಳಿಗೂ ಹಿಂದೆಯೇ ಅದು ಗ್ರಂಥಸ್ಥವಾಗಿದೆ.

ಮರುದಿನ ಇದನ್ನು ಕಪ್ಪುಹಲಗೆಯ ಮೇಲೆ ಬರೆದು ತೋರಿಸಿದೆ. ಹಾರವು ಯಾವ ಆಧಾರಕ್ಕೂ ಸೇರಿದ್ದಲ್ಲ. ಅದನ್ನು 441ರಲ್ಲಿ ಕತ್ತರಿಸಬಹುದಾದ ಆಧಾರವಾದರೋ ಹತ್ತು ಒಂದೇ. ವಿದ್ಯಾರ್ಥಿಯು ಸ್ವಲ್ಪ ಹೊತ್ತು ಹಲಗೆಯನ್ನೇ ನೋಡುತ್ತಿದ್ದು, “ಹಾಗಾದರೆ 961ರಿಂದ ಕತ್ತರಿಸಬಹುದಾದ ಆಧಾರವೂ ಒಂದಿರಬೇಕಲ್ಲವೇ?” ಎಂದನು. ಆಧಾರ ಹತ್ತಕ್ಕಿಂತ ದೊಡ್ಡದಾದರೆ 961 ಎಂಬುದು (3ಕ + 1)ರ ವರ್ಗ. ಮೇಲಿನ ದಾರಿಯಲ್ಲಿಯೇ ನಡೆದು, 32ರ ಬದಲು 243ರಿಂದ ಗುಣಿಸಿದರೆ ಶೇಷ 182 ಎಂದು ಬರುತ್ತದೆ. ಅಲ್ಲಿಂದ ಮುಂದಿನದನ್ನು ಅವನಿಗೆ ಬಿಟ್ಟಂತೆ ವಾಚಕರಿಗೂ ಬಿಡುತ್ತೇನೆ.